ಕನ್ನಡಿ ಉಜ್ಜುವವರ ಗುಟ್ಟು ಬಯಲಾದದ್ದು ಹೇಗೆ

(ಮೈಸೂರಿನಲ್ಲಿ ಹವ್ಯಾಸಿಗಳ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹಕ್ಕಿ ನೋಡುವವರಿದ್ದೀರಿ, ತಾರಸಿಯಲ್ಲಿ ತರಕಾರಿ ಬೆಳೆಯುವವರಿದ್ದೀರಿ, ಹ್ಯಾಮ್ ರೇಡಿಯೊದವರಿದ್ದೀರಿ, ಹಳೇ ಗಡಿಯಾರ ಬಿಚ್ಚಿ ಜೋಡಿಸುವವರೂ ಇದ್ದೀರಿ. ನನ್ನದು ಟೆಲಿಸ್ಕೋಪ್ ಮಾಡುವ ಹವ್ಯಾಸ. ಗಾಜು ತಂದು, ಕೈಯಲ್ಲೇ ಉಜ್ಜಿ, ದರ್ಪಣ ಮಾಡಿ, ಅಂದರೆ ಆಕಾಶದಿಂದ ಬಂದ ಬೆಳಕನ್ನು ಒಂದು ಕಡೆ ಕೂಡಿಸುವ ತಗ್ಗು ಕನ್ನಡಿ ಮಾಡಿ, ಕೊಳವೆಗೆ ಕೂರಿಸಿ, ಆಮೇಲೆ ಆಕಾಶ ನೋಡುವುದು. ಹವ್ಯಾಸಿಗಳು ತಮಗೆ ಗೊತ್ತಿರುವುದನ್ನು ಪುಕ್ಕಟೆ ಹಂಚಿಕೊಳ್ಳುವ ಬಗ್ಗೆ ಮಾತಾಡಿ ಅಂತ ಕೇಳಿದರು. ನನಗೆ ಚೆನ್ನಾಗಿ ಗೊತ್ತಿರುವ ಈ ಒಂದು ಕೆಲಸದ ಕಥೆಯನ್ನೇ ಹೇಳುತ್ತೇನೆ. ಇದರಲ್ಲಿ ಗುಟ್ಟು ಮಾಡಿದವರೂ ಇದ್ದಾರೆ, ಬಿಚ್ಚಿಟ್ಟವರೂ ಇದ್ದಾರೆ. ಯಾವುದರಿಂದ ಏನಾಯಿತು ಅನ್ನುವುದು ಇತಿಹಾಸದಲ್ಲೇ ಕಾಣುತ್ತದೆ.

ನನ್ನ ಮಾತಿನ ತಿರುಳನ್ನು ಈಗಲೇ ಹೇಳಿಬಿಡುತ್ತೇನೆ. "ಹೀಗೆ ಮಾಡು" ಅಂತ ಹೇಳಿಕೊಡುವುದು ಅರ್ಧ ಕೊಟ್ಟ ಹಾಗೆ. "ನೀನು ಮಾಡಿದ್ದು ಸರಿಯಾಗಿದೆಯಾ ಇಲ್ಲವಾ ಅಂತ ನೀನೇ ನೋಡಿಕೊಳ್ಳೋದು ಹೀಗೆ" ಅಂತ ತೋರಿಸಿದಾಗ ಪೂರ್ತಿ ಕೊಟ್ಟ ಹಾಗೆ. ನಾವು ಹೆಚ್ಚಿನವರು ಮೊದಲನೆಯದನ್ನು ಧಾರಾಳವಾಗಿ ಕೊಡುತ್ತೇವೆ. ಎರಡನೆಯದನ್ನು ಕೊಡಬೇಕು ಅನ್ನುವುದು ಹೊಳೆಯುವುದೇ ಇಲ್ಲ.

ಮೊದಲು ಕೆಲಸ ಏನು ಅಂತ ನೋಡೋಣ. ಒಂದೇ ಅಳತೆಯ ಎರಡು ದಪ್ಪ ಗಾಜಿನ ಬಿಲ್ಲೆ ಬೇಕು. ಹೊಸಬರಿಗೆ ಆರು ಇಂಚು ಅಗಲ ಸಾಕು. ಒಂದನ್ನು ನೀರು ತುಂಬಿದ ಡ್ರಮ್ಮಿನ ಮೇಲೆ ಅಲುಗಾಡದ ಹಾಗೆ ಕೂರಿಸುತ್ತೇವೆ. ಅದರ ಮೇಲೆ ಗಾಜನ್ನು ಸವೆಸುವ ಗಟ್ಟಿ ಪುಡಿ, ಕಾರ್ಬೊರಂಡಮ್, ಒಂದು ಚಿಟಿಕೆ, ನಾಲ್ಕು ಹನಿ ನೀರು. ಮೇಲೆ ಇನ್ನೊಂದು ಬಿಲ್ಲೆ ಇಟ್ಟು ಹಿಂದೆ ಮುಂದೆ ಉಜ್ಜಬೇಕು. ನಾಲ್ಕಾರು ಸಲ ಉಜ್ಜಿ, ಮೇಲಿನ ಬಿಲ್ಲೆಯನ್ನು ಸ್ವಲ್ಪ ತಿರುಗಿಸಿ, ಡ್ರಮ್ಮಿನ ಸುತ್ತ ನಾವೂ ಒಂದು ಹೆಜ್ಜೆ ಸರಿಯಬೇಕು. ಮತ್ತೆ ಉಜ್ಜಬೇಕು. ಗಂಟೆಗಟ್ಟಲೆ ಇದೇ ಕೆಲಸ.

ಇದರಲ್ಲಿ ಒಂದು ಚೆಂದದ ಸಂಗತಿ ಇದೆ. ಮೇಲಿನ ಬಿಲ್ಲೆಯನ್ನು ಮುಂದಕ್ಕೆ ನೂಕಿದಾಗ ಅದರ ನಡುಭಾಗ ಕೆಳಗಿನ ಬಿಲ್ಲೆಯ ಅಂಚಿನ ಮೇಲೆ ಒತ್ತುತ್ತದೆ. ಹಾಗಾಗಿ ಮೇಲಿನದು ನಡುವೆ ಸವೆಯುತ್ತದೆ, ಕೆಳಗಿನದು ಅಂಚಿನಲ್ಲಿ ಸವೆಯುತ್ತದೆ. ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ತಗ್ಗಾದ ಮೇಲಿನದೇ ಮುಂದೆ ದರ್ಪಣ. ಇನ್ನು, ಎಷ್ಟು ತಿರುಗಿಸಿದರೂ ಎತ್ತ ಜಾರಿಸಿದರೂ ಎರಡು ಮೈ ಒಂದಕ್ಕೊಂದು ಕೂಡಿಯೇ ಇರಬೇಕು ಅಂದರೆ ಅವು ಗೋಳದ ತುಣುಕುಗಳೇ ಆಗಿರಬೇಕು. ಬೇರೆ ಡೊಂಕು ಆಕಾರಕ್ಕೆ ಅದು ಸಾಧ್ಯವಿಲ್ಲ. ಅಚ್ಚಿಲ್ಲ, ಯಂತ್ರವಿಲ್ಲ, ಆದರೂ ಬರೀ ಕೈಯಾಡಿಸುವುದರಿಂದ ಕರಾರುವಾಕ್ಕಾದ ಗೋಳಾಕಾರ ತಾನಾಗಿ ಬರುತ್ತದೆ. ಆರು ಇಂಚಿನ ದರ್ಪಣಕ್ಕೆ ನಾಲ್ಕು ಅಡಿ ಫೋಕಸ್ ಬೇಕು, ಅಂದರೆ ಬೆಳಕು ನಾಲ್ಕು ಅಡಿ ದೂರದಲ್ಲಿ ಬಂದು ಕೂಡಬೇಕು ಅಂದರೆ, ನಡುವಿನ ತಗ್ಗು ಸುಮಾರು 1.2 ಮಿಲಿಮೀಟರ್. ಅಷ್ಟೇ.

ಆಮೇಲೆ ಪುಡಿಯನ್ನು ನುಣುಪಾಗಿಸುತ್ತಾ ಹೋಗಬೇಕು. 80ನೇ ನಂಬರಿನ ತರಿ ಪುಡಿಯಿಂದ ಶುರು. ಆಮೇಲೆ 120, 220, 320, ಹೀಗೆ. ಕೊನೆಗೆ ಪಿಚ್ ಅನ್ನುವ ಕಪ್ಪು ಅಂಟನ್ನು ಕಾಯಿಸಿ ಹಾಸಿ, ಅದರ ಮೇಲೆ ಸೀರಿಯಂ ಆಕ್ಸೈಡ್ ಅನ್ನುವ ನುಣುಪು ಪುಡಿ ಹಚ್ಚಿ ಪಾಲಿಶ್.

ಇಷ್ಟೂ ಪುಸ್ತಕದಲ್ಲಿ ಸಿಗುತ್ತದೆ. ಪಕ್ಕದಲ್ಲಿ ನಿಂತವರಿಂದಲೇ ಬರಬೇಕಾದದ್ದು ಸದ್ದಿನ ವಿಷಯ. ಹೊಸ ಪುಡಿ ಹಾಕಿದಾಗ ಕರಕರ ಅನ್ನುತ್ತದೆ. ಪುಡಿಯ ಕಾಳು ಒಡೆದ ಹಾಗೆಲ್ಲ ಸದ್ದು ಇಳಿಯುತ್ತದೆ, ಸರಸರ ಅನ್ನುತ್ತದೆ. ಅಲ್ಲಿಂದಾಚೆ ಉಜ್ಜಿದರೆ ಸುಮ್ನೆ ತೋಳು ನೋವು. ತೊಳೆದು ಹೊಸ ಪುಡಿ ಹಾಕಬೇಕು. "ಕೇಳಿಸ್ತಾ? ಈಗ ಸತ್ತಿತು ಅದು, ತೊಳಿ" ಅಂತ ಯಾರಾದರೂ ಒಂದು ಸಲ ಹೇಳಿದರೆ ಜೀವಮಾನಕ್ಕೆ ಸಾಕು. ಹಾಗೆಯೇ ತೊಳೆಯುವ ವಿಷಯ. 320ರಲ್ಲಿ ಉಜ್ಜುವಾಗ 80ರ ಒಂದೇ ಒಂದು ಕಾಳು ಎಲ್ಲಿಂದಲೋ ಬಂದರೆ ದರ್ಪಣದ ಮೇಲೆ ಗೀರು ಬೀಳುತ್ತದೆ, ಕೆಲಸ ಹಿಂದಕ್ಕೆ ಹೋಗುತ್ತದೆ. ಆ ಕಾಳು ಎಲ್ಲಿರುತ್ತದೆ? ಉಗುರಿನ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಸ್ಪಂಜಿನೊಳಗೆ. ಅನುಭವ ಇದ್ದವರು ಪ್ರತಿ ನಂಬರಿಗೂ ಹೊಸ ಸ್ಪಂಜು, ಹೊಸ ಪೇಪರು ಹಾಸುತ್ತಾರೆ.

ಈಗ ಇತಿಹಾಸಕ್ಕೆ ಬರೋಣ. 18ನೇ ಶತಮಾನದಲ್ಲಿ ಈ ಕೆಲಸದಲ್ಲಿ ದೊಡ್ಡ ಹೆಸರು ಸ್ಕಾಟ್ಲೆಂಡಿನ ಜೇಮ್ಸ್ ಶಾರ್ಟ್ ಅವರದು. ಆಗ ದರ್ಪಣ ಗಾಜಿನದಲ್ಲ, ತಾಮ್ರಕ್ಕೆ ತವರ ಬೆರೆಸಿದ ಲೋಹದ್ದು. ಶಾರ್ಟ್ ಸಾವಿರಕ್ಕೂ ಜಾಸ್ತಿ ಟೆಲಿಸ್ಕೋಪ್ ಮಾಡಿದರು, ಅವಕ್ಕೆ ಯುರೋಪಿನಲ್ಲೆಲ್ಲ ಬೇಡಿಕೆ ಇತ್ತು. 1768ರಲ್ಲಿ ತೀರಿಕೊಂಡರು. ಗುಟ್ಟು ಹೊರಗೆ ಹೋಗಬಾರದು ಅಂತ ಸಾಯುವ ಮೊದಲು ತಮ್ಮ ಉಪಕರಣಗಳನ್ನು ನಾಶ ಮಾಡಿಸಿದರು ಎಂದು ಹೇಳುತ್ತಾರೆ. ಅಷ್ಟು ವರ್ಷದ ಕೈಚಳಕ ಅವರ ಜೊತೆಗೇ ಹೋಯಿತು.

ಆಮೇಲೆ ಬಂದವರು ವಿಲಿಯಂ ಹರ್ಷೆಲ್. ಇಂಗ್ಲೆಂಡಿನ ಬಾತ್ ಊರಿನಲ್ಲಿ ಸಂಗೀತ ಕಲಿಸುತ್ತಿದ್ದರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. 1773ರಲ್ಲಿ ಟೆಲಿಸ್ಕೋಪಿನ ಹುಚ್ಚು ಹಿಡಿಯಿತು. ಅದೇ ಊರಿನಲ್ಲಿ ದರ್ಪಣ ಉಜ್ಜುತ್ತಿದ್ದವರೊಬ್ಬರು ಆ ಹವ್ಯಾಸ ಬಿಡುವವರಿದ್ದರು. ಅವರ ಉಪಕರಣಗಳನ್ನು ಹರ್ಷೆಲ್ ಕೊಂಡರು, ಅವರಿಂದಲೇ ಪಾಠವನ್ನೂ ಹೇಳಿಸಿಕೊಂಡರು. ಬಿಡುವಿಲ್ಲದೆ ಪಾಲಿಶ್ ಮಾಡುವಾಗ ತಂಗಿ ಕ್ಯಾರೊಲಿನ್ ಅಣ್ಣನ ಬಾಯಿಗೆ ತುತ್ತು ಇಡುತ್ತಿದ್ದರು, ಬೇಸರ ಕಳೆಯಲು ಪುಸ್ತಕ ಓದಿ ಹೇಳುತ್ತಿದ್ದರು. ಮುಂದೆ ಆಕೆಯೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು. ಅಣ್ಣ ತಮ್ಮ ಕೈಯಾರೆ ಮಾಡಿದ ಟೆಲಿಸ್ಕೋಪಿನಲ್ಲಿ 1781ರ ಮಾರ್ಚ್ 13ರ ರಾತ್ರಿ ಯುರೇನಸ್ ಗ್ರಹವನ್ನು ಕಂಡರು.

ಹರ್ಷೆಲ್ ಟೆಲಿಸ್ಕೋಪ್ ಮಾಡಿ ಮಾರುತ್ತಿದ್ದರು, ಅದು ಅವರ ಆದಾಯದ ದಾರಿಯೂ ಆಗಿತ್ತು. ಪಾಲಿಶ್ ಮಾಡುವ ವಿಧಾನವನ್ನು ಅವರು ಪ್ರಕಟಿಸಲಿಲ್ಲ. ಹೊಟ್ಟೆಪಾಡಿನ ವಿಷಯದಲ್ಲಿ ಅವರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ನಷ್ಟ ಆದದ್ದು ನಿಜ. ಅವರ ನಂತರ ಐರ್ಲೆಂಡಿನಲ್ಲಿ ಲಾರ್ಡ್ ರಾಸ್ ದೊಡ್ಡ ದರ್ಪಣ ಮಾಡಲು ಹೊರಟಾಗ ಬಹುಪಾಲು ಎಲ್ಲವನ್ನೂ ಮೊದಲಿನಿಂದ ಕಂಡುಕೊಳ್ಳಬೇಕಾಯಿತು. ರಾಸ್ ತಮ್ಮ ಜಮೀನಿನ ಕೆಲಸಗಾರರಿಗೇ ತರಬೇತಿ ಕೊಟ್ಟರು. ಲೋಹ ಎರಕ ಹೊಯ್ಯುವುದರಿಂದ ಹಿಡಿದು ಪಾಲಿಶ್‌ವರೆಗೆ ತಾವು ಮಾಡಿದ್ದನ್ನು ಬರೆದು 1840ರಲ್ಲಿ ಪ್ರಕಟಿಸಿದರು. ಇನ್ನೂ ಅವರ ದೊಡ್ಡ ಟೆಲಿಸ್ಕೋಪ್ ಸಿದ್ಧವಾಗಿರಲಿಲ್ಲ, ಆಗಲೇ ಪ್ರಕಟಿಸಿದರು! ನನಗೆ ಇದು ತುಂಬಾ ಇಷ್ಟವಾದ ಸಂಗತಿ. 1845ರಲ್ಲಿ 72 ಇಂಚಿನ ದರ್ಪಣ ಕೆಲಸಕ್ಕೆ ಬಂತು. ನೀಹಾರಿಕೆಯೊಂದರಲ್ಲಿ ಸುರುಳಿ ಆಕಾರ ಇದೆ ಅನ್ನುವುದು ಮನುಷ್ಯನಿಗೆ ಮೊದಲು ಕಂಡದ್ದು ಅದರಲ್ಲಿ.

ಬರೆದು ಹಂಚಿದವರು ರಾಸ್ ಒಬ್ಬರೇ ಅಲ್ಲ. ಪ್ಲಿಮತ್ ಊರಿನ ವೈದ್ಯ ಜಾನ್ ಮಜ್, ಹವ್ಯಾಸಕ್ಕಾಗಿ ದರ್ಪಣ ಮಾಡುತ್ತಿದ್ದವರು, 1777ರಲ್ಲೇ ಇಡೀ ವಿಧಾನವನ್ನು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಬರೆದುಕೊಟ್ಟರು. ಅದಕ್ಕೆ ಆ ಸಂಘದ ಕೋಪ್ಲಿ ಪದಕವೂ ಸಿಕ್ಕಿತು. ಆದರೂ ಒಂದು ತೊಡಕು ಉಳಿದೇ ಇತ್ತು. ವಿಧಾನ ಗೊತ್ತಿದ್ದರೂ ದರ್ಪಣದ ಆಕಾರ ಎಲ್ಲಿ ಕೆಟ್ಟಿದೆ ಅನ್ನುವುದನ್ನು ನೋಡುವ ಸುಲಭದ ದಾರಿ ಇರಲಿಲ್ಲ. ಟೆಲಿಸ್ಕೋಪಿಗೆ ಹಾಕಿ ನೋಡಬೇಕು. ಬಿಂಬ ಮಸುಕಾಗಿದ್ದರೆ ಮತ್ತೆ ಉಜ್ಜಬೇಕು. ಎಲ್ಲಿ ಉಜ್ಜಬೇಕು, ಎಷ್ಟು ಉಜ್ಜಬೇಕು ಅನ್ನುವುದು ಪಳಗಿದ ಕೈಗೆ ಮಾತ್ರ ಹೊಳೆಯುತ್ತಿತ್ತು. ಗುಟ್ಟಿಗೆ ಬೆಲೆ ಇದ್ದದ್ದೇ ಅದಕ್ಕೆ.

ಇದನ್ನು ಬದಲಿಸಿದವರು ಪ್ಯಾರಿಸ್ಸಿನ ಲಿಯೋನ್ ಫೂಕೋ. 1851ರಲ್ಲಿ ಉದ್ದನೆಯ ಲೋಲಕ ತೂಗುಬಿಟ್ಟು ಭೂಮಿ ತಿರುಗುವುದನ್ನು ತೋರಿಸಿದವರು, ಅವರೇ. 1858ರಲ್ಲಿ ಅವರು ದರ್ಪಣ ಪರೀಕ್ಷಿಸುವ ಒಂದು ಉಪಾಯ ಪ್ರಕಟಿಸಿದರು. ಅದಕ್ಕೆ ಬೇಕಾದದ್ದು ಒಂದು ಚಿಕ್ಕ ದೀಪ, ಒಂದು ಬ್ಲೇಡು. ಇವತ್ತಿಗೂ ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ದರ್ಪಣವನ್ನು ಗೋಡೆಯ ಹತ್ತಿರ ನೆಟ್ಟಗೆ ನಿಲ್ಲಿಸಿ. ಅದರ ಫೋಕಸ್ ನಾಲ್ಕು ಅಡಿ ಅಂದರೆ ಎಂಟು ಅಡಿ ದೂರದಲ್ಲಿ ನೀವು ಕೂರಬೇಕು. ಸಣ್ಣ ರಂಧ್ರದಿಂದ ಬರುವ ಬೆಳಕಿನ ಚುಕ್ಕೆಯೊಂದನ್ನು ಅಲ್ಲಿಡಿ. ಈಗ ಒಂದು ಎಲ್‌ಇಡಿ ದೀಪ ಸಾಕು. ದರ್ಪಣ ಸರಿಯಾದ ಗೋಳಾಕಾರ ಇದ್ದರೆ ಹೋದ ಬೆಳಕೆಲ್ಲ ತಿರುಗಿ ಅದೇ ಜಾಗದ ಒಂದು ಚುಕ್ಕೆಗೆ ಬಂದು ಸೇರುತ್ತದೆ. ಆ ಚುಕ್ಕೆಯ ಹಿಂದೆ ಕಣ್ಣಿಟ್ಟರೆ ಇಡೀ ದರ್ಪಣ ಹುಣ್ಣಿಮೆ ಚಂದ್ರನ ಹಾಗೆ ಬೆಳಗುತ್ತದೆ. ಈಗ ಬ್ಲೇಡಿನ ಅಂಚನ್ನು ಮೆಲ್ಲಗೆ ಆ ಚುಕ್ಕೆಗೆ ಅಡ್ಡ ತನ್ನಿ. ಆಕಾರ ಸರಿಯಿದ್ದರೆ ದರ್ಪಣ ಪೂರ್ತಿ ಒಂದೇ ಸಲಕ್ಕೆ ಬೂದು ಬಣ್ಣಕ್ಕೆ ತಿರುಗಿ ಆರುತ್ತದೆ. ಎಲ್ಲಾದರೂ ಉಬ್ಬು ತಗ್ಗು ಇದ್ದರೆ ಅಲ್ಲಿಂದ ಬಂದ ಬೆಳಕು ಚುಕ್ಕೆ ತಪ್ಪಿ ಆಚೀಚೆ ಹೋಗಿರುತ್ತದೆ. ಅದು ಬ್ಲೇಡಿಗೆ ಬೇಗ ಸಿಗುತ್ತದೆ, ಇಲ್ಲವೇ ತಡವಾಗಿ ಸಿಗುತ್ತದೆ. ಆಗ ದರ್ಪಣದ ಮೇಲೆ ಬೆಟ್ಟ ಕಣಿವೆಗಳು ನೆರಳು ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಎಷ್ಟು ಸೂಕ್ಷ್ಮ ಅಂತ ತೋರಿಸಲು ನಾನು ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಹೊಳೆಯುವ ಅಲ್ಯುಮಿನಿಯಂ ಲೇಪ ಇನ್ನೂ ಹಾಕದ ದರ್ಪಣದ ಮೇಲೆ ಅರ್ಧ ನಿಮಿಷ ಹೆಬ್ಬೆರಳು ಒತ್ತಿ ಹಿಡಿ ಅನ್ನುತ್ತೇನೆ. ಬೆರಳು ತೆಗೆದ ಮೇಲೆ ಬ್ಲೇಡಿನ ಹಿಂದೆ ನೋಡಿದರೆ ಬೆರಳಿದ್ದ ಜಾಗದಲ್ಲಿ ಒಂದು ಗುಡ್ಡ ನಿಂತಿರುತ್ತದೆ. ಮೈಯ ಬಿಸಿಗೆ ಗಾಜು ಅಷ್ಟು ಹಿಗ್ಗಿದೆ. ನೋಡುತ್ತಾ ಇದ್ದ ಹಾಗೆ ಅದು ಮೆಲ್ಲಗೆ ಕರಗಿ ಮಟ್ಟವಾಗುತ್ತದೆ. ಮಕ್ಕಳು ಕಣ್ಣು ತೆಗೆಯುವುದೇ ಇಲ್ಲ. ದೊಡ್ಡವರೂ ಅಷ್ಟೇ, ಇನ್ನೊಂದು ಸಲ ಬೆರಳಿಡ್ತೀನಿ ಅಂತಾರೆ.

ಗೋಳಾಕಾರವೇ ಕೊನೆಯಲ್ಲ. ನಕ್ಷತ್ರದ ಬೆಳಕು ಒಂದೇ ಚುಕ್ಕೆಗೆ ಸೇರಬೇಕು ಅಂದರೆ ಅದನ್ನು ಪ್ಯಾರಾಬೋಲಾ ಆಕಾರಕ್ಕೆ, ಅಂದರೆ ಗೋಳಕ್ಕಿಂತ ನಡುವೆ ಒಂದಿಷ್ಟು ಹೆಚ್ಚು ತಗ್ಗಾದ ಆಕಾರಕ್ಕೆ ತರಬೇಕು. ಆರು ಇಂಚಿನ ದರ್ಪಣದಲ್ಲಿ ಗೋಳಕ್ಕೂ ಪ್ಯಾರಾಬೋಲಾಕ್ಕೂ ಇರುವ ವ್ಯತ್ಯಾಸ ಕೂದಲಿನ ದಪ್ಪದ ನೂರರಲ್ಲೊಂದು ಪಾಲೂ ಇಲ್ಲ. ಅಷ್ಟನ್ನು ಬರೀ ಕೈಯಲ್ಲಿ ತೆಗೆಯುತ್ತೇವೆ. ತೆಗೆದದ್ದು ಬ್ಲೇಡಿನಲ್ಲಿ ಕಾಣುತ್ತದೆ. ಪ್ಯಾರಾಬೋಲಾ ಬಂದಾಗ ನೆರಳು ಉದ್ದಿನ ವಡೆಯ ಹಾಗೆ ಕಾಣುತ್ತದೆ, ನಡುವೆ ತಗ್ಗು, ಸುತ್ತ ಉಬ್ಬು, ಅಂಚಿಗೆ ಇಳಿಜಾರು. ನಮ್ಮ ಬಳಗದಲ್ಲಿ "ವಡೆ ಬಂತಾ?" ಅಂತಲೇ ಕೇಳುತ್ತೇವೆ.

ಫೂಕೋ ಕೊಟ್ಟದ್ದು ಉಜ್ಜುವ ವಿಧಾನವನ್ನಲ್ಲ, ನೋಡುವ ವಿಧಾನವನ್ನು. ಅಲ್ಲಿಗೆ ಗುಟ್ಟು ಇಟ್ಟುಕೊಂಡವರ ಬಲ ಮುಗಿಯಿತು. ಗುರುವಿನ ಮುಂದೆ ಹೋಗಿ "ಇದು ಆಯ್ತಾ ನೋಡಿ" ಅಂತ ನಿಲ್ಲಬೇಕಾಗಿಲ್ಲ. ಊರಲ್ಲಿ ಹೇಳಿಕೊಡುವವರು ಇಲ್ಲದಿದ್ದರೂ ನಡೆಯುತ್ತದೆ, ಯಾಕೆಂದರೆ ಗಾಜೇ ಹೇಳುತ್ತದೆ.

ಅಮೆರಿಕದ ಕ್ಯಾನ್ಸಸ್‌ನಲ್ಲಿ ಕ್ಲೈಡ್ ಟಾಂಬೋ ಅನ್ನುವ ರೈತರ ಹುಡುಗ ಇದ್ದ. ಆಲಿಕಲ್ಲು ಮಳೆಗೆ ಬೆಳೆ ಹೋಗಿ ಕಾಲೇಜು ಕನಸಾಗಿತ್ತು. 1926ರಲ್ಲಿ ಎಂಟು ಇಂಚಿನ ದರ್ಪಣ ಮಾಡಿದ. ಪರೀಕ್ಷಿಸುವ ವ್ಯವಸ್ಥೆ ಇರಲಿಲ್ಲ, ದರ್ಪಣ ಚೆನ್ನಾಗಿ ಬರಲಿಲ್ಲ. ಫೂಕೋ ಪರೀಕ್ಷೆಗೆ ಗಾಳಿ ಅಲುಗಾಡಬಾರದು, ಒಂದೇ ಹದದ ತಂಪಿರಬೇಕು. ಅದಕ್ಕಾಗಿ ಹೊಲದಲ್ಲಿ ಸುಮಾರು 24 ಅಡಿ ಉದ್ದ, 8 ಅಡಿ ಆಳದ ಗುಂಡಿ ತೋಡಿದ, ಒಬ್ಬನೇ, ಗುದ್ದಲಿ ಹಿಡಿದು. 1928ರಲ್ಲಿ ಒಂಬತ್ತು ಇಂಚಿನ ದರ್ಪಣ ಮಾಡಿದ. ಟೆಲಿಸ್ಕೋಪಿನ ಮಿಕ್ಕ ಭಾಗಗಳಿಗೆ ಹಳೇ ಕಾರಿನ ಬಿಡಿಭಾಗ, ಹಾಲಿನ ಕೆನೆ ತೆಗೆಯುವ ಯಂತ್ರದ ತುಂಡು ಬಳಸಿದ. ಅದರಲ್ಲಿ ನೋಡಿ ಬರೆದ ಗುರು, ಮಂಗಳ ಗ್ರಹಗಳ ಚಿತ್ರಗಳನ್ನು ಲೋವೆಲ್ ವೀಕ್ಷಣಾಲಯಕ್ಕೆ ಕಳಿಸಿದ. ಅವರು ಕೆಲಸಕ್ಕೆ ಕರೆದರು. 1930ರ ಫೆಬ್ರವರಿ 18ರಂದು ಅಲ್ಲಿ ಪ್ಲೂಟೊ ಕಂಡುಹಿಡಿದದ್ದು ಇದೇ ಹುಡುಗ.

ಇನ್ನು ರಸೆಲ್ ಪೋರ್ಟರ್ ಅವರ ವಿಷಯ. ಹವ್ಯಾಸಿಗಳ ಬಳಗ ಹೇಗಿರಬೇಕು ಅಂತ ಕೇಳಿದರೆ ನಾನು ತೋರಿಸುವುದು ಇವರನ್ನು. ಇವರು ಅಮೆರಿಕದ ವರ್ಮಾಂಟ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಊರಿನವರು. ಚಿತ್ರ ಬರೆಯುತ್ತಿದ್ದರು, ಉತ್ತರ ಧ್ರುವದ ಕಡೆಗೆ ಹಲವು ಸಲ ಯಾತ್ರೆ ಹೋಗಿ ಬಂದಿದ್ದರು. 1920ರಲ್ಲಿ ತಮ್ಮೂರಿನ ಯಂತ್ರ ಕಾರ್ಖಾನೆಯ ಕೆಲಸಗಾರರಿಗೆ ದರ್ಪಣ ಉಜ್ಜುವ ತರಗತಿ ಶುರು ಮಾಡಿದರು. ಸೇರಿದವರು 15 ಗಂಡಸರು, ಒಬ್ಬ ಹೆಂಗಸು. ಆ ಒಬ್ಬಾಕೆಯನ್ನು ನಾನು ಆಗಾಗ ನೆನೆಯುತ್ತೇನೆ. ನಮ್ಮ ಕೂಟಗಳಲ್ಲೂ ಮೊದಲ ದಿನ ಹಿಂದಿನ ಸಾಲಿನಲ್ಲಿ ಒಬ್ಬಳೇ ಕೂತ ಹುಡುಗಿ ಇರುತ್ತಾಳಲ್ಲ, ಅವಳ ಕೈಗೆ ಮೊದಲು ಗಾಜು ಕೊಡಬೇಕು.

ಪೋರ್ಟರ್ ಅವರ ಶಿಷ್ಯರು ದಿನವಿಡೀ ಲೋಹ ಕಡೆಯುವವರು. ಕರಾರುವಾಕ್ಕಾದ ಕೆಲಸ ಅವರಿಗೆ ಹೊಸದಲ್ಲ. ಹಾಗಿದ್ದೂ ಕಾರ್ಖಾನೆಯ ಯಂತ್ರಕ್ಕೆ ಸಾಧಿಸಲಾಗದ ನಿಖರತೆ ತಮ್ಮ ಬರಿಗೈಗೆ ಬರುತ್ತದೆ ಅಂತ ಕಂಡಾಗ ಅವರಿಗೆ ಬಿಡಲಾಗಲಿಲ್ಲ. 1923ರಲ್ಲಿ ಅದೇ ಒಂದು ಸಂಘವಾಯಿತು. ಊರ ಹೊರಗಿನ ಗುಡ್ಡದ ಮೇಲೆ ಗುಲಾಬಿ ಬಣ್ಣದ ಒಂದು ಮನೆ ಕಟ್ಟಿದರು. ನಕ್ಷತ್ರಗಳ ಗುಡಿ ಎಂಬ ಅರ್ಥದಲ್ಲಿ ಅದನ್ನು ಸ್ಟೆಲಾಫೇನ್ ಎಂದು ಕರೆದರು. ಆಲ್ಬರ್ಟ್ ಇಂಗಾಲ್ಸ್ ಎಂಬ ಸಂಪಾದಕರು ಅಲ್ಲಿಗೆ ಹೋಗಿಬಂದು 1925ರ ನವೆಂಬರಿನ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದರು. ನಮಗೂ ಹೇಳಿಕೊಡಿ ಅಂತ ಓದುಗರಿಂದ ನೂರಾರು ಕಾಗದ ಬಂದವು. ಪೋರ್ಟರ್ ವಿಧಾನವನ್ನು ಚಿತ್ರ ಸಮೇತ ಬರೆದುಕೊಟ್ಟರು. ಅದೇ ಬೆಳೆದು 1926ರಲ್ಲಿ ಪುಸ್ತಕವಾಯಿತು. ಅದೇ ವರ್ಷ ಗುಡ್ಡದ ಮೇಲೆ ಮೊದಲ ಸಮ್ಮೇಳನವೂ ನಡೆಯಿತು. ಇವತ್ತಿಗೂ ಬೇಸಿಗೆಯಲ್ಲಿ ಅಲ್ಲಿ ಜನ ಸೇರುತ್ತಾರೆ. ತಾವು ಮಾಡಿದ ಟೆಲಿಸ್ಕೋಪನ್ನು ಹುಲ್ಲಿನ ಮೇಲಿಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ. ಯಾರು ಬಂದು ಏನು ಕೇಳಿದರೂ ಹೇಳುತ್ತಾರೆ.

ಇದರಿಂದ ಹವ್ಯಾಸಿಗಳಿಗಷ್ಟೇ ಉಪಯೋಗ ಆಯಿತಾ? ಇಲ್ಲ. ಮುಂದೆ ಕ್ಯಾಲಿಫೋರ್ನಿಯಾದ ಪಾಲೋಮಾರ್ ಬೆಟ್ಟದ ಮೇಲೆ ನಿಂತ 200 ಇಂಚಿನ ಟೆಲಿಸ್ಕೋಪನ್ನು 1928ರಲ್ಲಿ ಯೋಜಿಸಿದಾಗ ಅದರ ಕೆಲಸಕ್ಕೆ ಪೋರ್ಟರ್ ಅವರನ್ನೇ ಕರೆಸಿಕೊಂಡರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಬೇಕಾದ ಕಷ್ಟದ ಪ್ರಿಸಂಗಳು ಸಾಕಷ್ಟು ಸಿಗದೆ ಹೋದಾಗ, ಮನೆಯ ನೆಲಮಾಳಿಗೆಗಳಲ್ಲಿ ಕೂತು ಸಾವಿರಾರು ಪ್ರಿಸಂ ಮಾಡಿಕೊಟ್ಟವರು ಈ ಹವ್ಯಾಸಿಗಳು.

ಇನ್ನೊಬ್ಬರು ಜಾನ್ ಡಾಬ್ಸನ್. ಇವರಿಗೆ ನಮ್ಮ ಕಡೆಯ ನಂಟೂ ಇದೆ. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿ, 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಮಠ ಸೇರಿದರು. ರಾಮಕೃಷ್ಣ ಪರಂಪರೆಯ ಸ್ವಾಮಿ ಅಶೋಕಾನಂದರ ಶಿಷ್ಯರಾಗಿ 23 ವರ್ಷ ಸನ್ಯಾಸಿಯಾಗಿದ್ದರು. ಮಠದಲ್ಲಿದ್ದುಕೊಂಡೇ, ಹಡಗಿನ ಕಿಟಕಿಗೆ ಹಾಕುವ ದಪ್ಪ ಗಾಜು ಸಂಪಾದಿಸಿ, ದರ್ಪಣ ಉಜ್ಜಿ, ರಾತ್ರಿ ಹೊರಗೆ ಹೋಗಿ ಅಕ್ಕಪಕ್ಕದ ಮಕ್ಕಳಿಗೆ ಶನಿಯ ಬಳೆ ತೋರಿಸುತ್ತಿದ್ದರು. ಮಠದಲ್ಲಿ ಇದಕ್ಕೆ ಒಪ್ಪಿಗೆ ಇರಲಿಲ್ಲ. ಗೆಳೆಯನಿಗೆ ಕಾಗದ ಬರೆಯುವಾಗ ಟೆಲಿಸ್ಕೋಪಿಗೆ ಜೆರೇನಿಯಂ ಗಿಡ ಅಂತ ಬರೆಯುತ್ತಿದ್ದರು. ಕುಂಡದಲ್ಲಿರುವ ಗಿಡ ಅಂದರೆ ಕೊಳವೆಗೆ ಕೂರಿಸಿದ ದರ್ಪಣ. 1967ರಲ್ಲಿ ಮಠ ಬಿಡಬೇಕಾಯಿತು.

1968ರಿಂದ ಅವರು ಸ್ಯಾನ್‌ಫ್ರಾನ್ಸಿಸ್ಕೋದ ರಸ್ತೆ ಮೂಲೆಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡು ನಿಂತರು. ಹೋಗಿ ಬರುವವರನ್ನು ಕರೆದು ಕರೆದು ಚಂದ್ರನನ್ನು ತೋರಿಸುತ್ತಿದ್ದರು. ಮಾಡಲು ಕಲಿಯಬೇಕು ಅಂದವರಿಗೆ ತರಗತಿ ನಡೆಸಿದರು. ಅವರ ಟೆಲಿಸ್ಕೋಪಿನ ಕೊಳವೆ ಕಾಂಕ್ರೀಟ್ ಕಂಬಕ್ಕೆ ಅಚ್ಚಾಗಿ ಬಳಸುವ ದಪ್ಪ ಕಾಗದದ್ದು. ಪೀಠ ಪ್ಲೈವುಡ್ ಡಬ್ಬ. ತಿರುಗುವ ಜಾಗದಲ್ಲಿ ಸಲೀಸಾಗಿ ಜಾರುವ ಟೆಫ್ಲಾನ್ ತುಂಡುಗಳು. ಬಡಗಿ ಕೆಲಸ ಸ್ವಲ್ಪ ಬಂದರೆ ಯಾರು ಬೇಕಾದರೂ ಮಾಡಬಹುದು. ಪೇಟೆಂಟ್ ಮಾಡಿಸಲಿಲ್ಲ. 1980ರಿಂದ ಕಂಪನಿಗಳೂ ಅದೇ ನಮೂನೆಯ ಟೆಲಿಸ್ಕೋಪ್ ಮಾಡಿ ಮಾರಲು ಶುರು ಮಾಡಿದವು. ಇವತ್ತು ಜಗತ್ತಿನಲ್ಲಿ ಯಾವ ಹವ್ಯಾಸಿಗಳ ಕೂಟಕ್ಕೆ ಹೋದರೂ ಡಾಬ್ಸೋನಿಯನ್ ಒಂದಾದರೂ ಇರುತ್ತದೆ. ಅವರು 2014ರಲ್ಲಿ ತೀರಿಕೊಂಡರು, 98ರ ವಯಸ್ಸಿನಲ್ಲಿ. ಕೊನೆಯವರೆಗೂ ಬಹಳ ಸರಳವಾಗಿ ಬದುಕಿದರು.

ಡಾಬ್ಸನ್ ಹಾಗೆ ಎಲ್ಲರೂ ಇರಬೇಕು ಅಂತ ನಾನು ಹೇಳುವುದಿಲ್ಲ. ಮನೆ, ಮಕ್ಕಳು, ಬಾಡಿಗೆ ಇರುವವರಿಗೆ ಅದು ಆಗದ ಮಾತು. ನಮ್ಮಲ್ಲಿ ಯಾರಾದರೂ ದರ್ಪಣ ಮಾಡಿ ಮಾರಿದರೆ ಅದು ತಪ್ಪಲ್ಲ. ಗಾಜು, ಪುಡಿಗೆ ದುಡ್ಡು ಕೇಳಿದರೂ ತಪ್ಪಲ್ಲ. ವಸ್ತುವಿಗೆ ಬೆಲೆ ಕಟ್ಟಿ, ಶ್ರಮಕ್ಕೂ ಕಟ್ಟಿ. ಪರೀಕ್ಷೆ ಮಾಡುವ ವಿದ್ಯೆಯನ್ನು ಮಾತ್ರ ಬಚ್ಚಿಡಬೇಡಿ. ಅದನ್ನು ಬಚ್ಚಿಟ್ಟರೆ ಕಲಿಯುವವನು ಯಾವತ್ತೂ ನಮ್ಮ ಬಾಗಿಲಲ್ಲೇ ನಿಂತಿರುತ್ತಾನೆ. ಕೆಲವರಿಗೆ ಹಾಗೆ ನಿಲ್ಲಿಸಿಕೊಳ್ಳುವುದು ಇಷ್ಟ. ಅದನ್ನು ನಾನು ಕಂಡಿದ್ದೇನೆ, ನನಗೆ ಅದು ಕಿಂಚಿತ್ತೂ ಸರಿ ಅನ್ನಿಸುವುದಿಲ್ಲ.

ಕಲಿಸುವವರಿಗೆ ಒಂದು ಮಾತು. ಹೊಸಬನ ಕೈ ತಡವರಿಸುವಾಗ "ಕೊಡೋ ಇಲ್ಲಿ" ಅಂತ ಕಿತ್ತುಕೊಂಡು ನಾವೇ ಮಾಡಿ ಮುಗಿಸುವುದು ತುಂಬಾ ಸುಲಭ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ಅವನು ಮನೆಗೆ ಒಯ್ಯುವುದು ನಮ್ಮ ದರ್ಪಣವನ್ನು. ಅಂಚಿನಲ್ಲಿ ಸ್ವಲ್ಪ ಜಾಸ್ತಿ ಸವೆದಿದೆ ಅಂತ ನಮಗೆ ನೆರಳು ನೋಡಿದ ಕೂಡಲೇ ಗೊತ್ತಾಗುತ್ತದೆ. ಹೇಳಬಾರದು. ಬ್ಲೇಡಿನ ಹಿಂದೆ ಅವನನ್ನು ಕೂರಿಸಿ "ಏನು ಕಾಣ್ತಿದೆ, ಹೇಳು" ಅನ್ನಬೇಕು. "ಬಲಗಡೆ ಅಂಚು ಬೆಳ್ಳಗಿದೆ" ಅಂತಾನೆ. "ಹಾಗಂದ್ರೆ ಉಬ್ಬೋ ತಗ್ಗೋ?" ಅನ್ನಬೇಕು. ಆಮೇಲೆ ಸುಮ್ಮನೆ ಕಾಯಬೇಕು. ಈ ಕಾಯುವುದೇ ಕಷ್ಟ. ಗೋಡೆ ಗಡಿಯಾರದ ಕಡೆ ಕಣ್ಣು ಹೋಗುತ್ತದೆ. ಆದರೂ ಕಾಯಿರಿ.

ಇನ್ನೊಂದು, ಬರೆದಿಡಿ, ಅದೂ ಕನ್ನಡದಲ್ಲಿ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಐಯುಕಾದವರು ದರ್ಪಣ ಉಜ್ಜುವ ಶಿಬಿರಗಳನ್ನು ನಡೆಸಿದ್ದಾರೆ. ನಮ್ಮಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಬಳಗ ಇದೆ, ಬೆಂಗಳೂರಿನ ಹವ್ಯಾಸಿಗಳ ಸಂಘಗಳಿವೆ, ಜನರಿಗೆ ಆಕಾಶ ತೋರಿಸುವ ಕೆಲಸ ಚೆನ್ನಾಗಿ ನಡೆಯುತ್ತಿದೆ. ಆದರೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರೊಬ್ಬರು ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ದರ್ಪಣ ಉಜ್ಜಬೇಕು ಅಂದರೆ ಅವರ ಕೈಗೆ ಏನು ಕೊಡುತ್ತೀರಿ? ನಾಲ್ಕು ಪುಟ ಸಾಕು. ಒಂದು ಪುಟ ಉಜ್ಜುವುದಕ್ಕೆ. ಮೂರು ಪುಟ ನೆರಳನ್ನು ಓದುವುದಕ್ಕೆ, ಚಿತ್ರದ ಸಮೇತ. ಪೋರ್ಟರ್ ಮಾಡಿದ್ದು ಇಷ್ಟೇ ಅಲ್ವಾ?

ಪ್ರಶ್ನೆಗಳು

"ಮೇಡಂ, ಈಗ ಅಂಗಡಿಯಲ್ಲೇ ಒಳ್ಳೇ ಟೆಲಿಸ್ಕೋಪ್ ಸಿಗುತ್ತೆ. ಇಷ್ಟೆಲ್ಲ ಯಾಕೆ ಕಷ್ಟಪಡಬೇಕು?"

ಆಕಾಶ ನೋಡುವುದಷ್ಟೇ ನಿಮ್ಮ ಆಸೆಯಾದರೆ ಕೊಂಡುಕೊಳ್ಳಿ, ಖಂಡಿತ. ಆರು ಇಂಚಿನದಕ್ಕೆ ಈಗ ಉಜ್ಜುವುದಕ್ಕಿಂತ ಕೊಳ್ಳುವುದೇ ಅನುಕೂಲ. ಉಜ್ಜುವವರು ಉಜ್ಜುವುದು ಬೇರೆ ಕಾರಣಕ್ಕೆ. ಕೂದಲ ದಪ್ಪದ ನೂರರಲ್ಲೊಂದು ಪಾಲನ್ನು ನನ್ನ ಕೈ ಅರಿಯಬಲ್ಲದು ಅನ್ನುವುದು ಒಬ್ಬ ಹದಿನಾಲ್ಕು ವರ್ಷದ ಹುಡುಗಿಗೆ ತಿಳಿದರೆ, ಆಮೇಲೆ ಅವಳು ಯಾವ ಕೆಲಸಕ್ಕೂ "ನನ್ನಿಂದಾಗಲ್ಲ" ಅನ್ನುವುದು ಕಡಿಮೆ. ನಾನು ಕಂಡ ಮಟ್ಟಿಗೆ ಇದು ನಿಜ.

"ಪುಕ್ಕಟೆ ಕಲಿಸಿದರೆ ಜನ ಬೆಲೆ ಕೊಡಲ್ಲ ಅಂತಾರೆ. ಅರ್ಧಕ್ಕೇ ಬಿಟ್ಟು ಹೋಗ್ತಾರಲ್ಲ?"

ಬಿಟ್ಟು ಹೋಗುತ್ತಾರೆ, ಹೌದು. ದುಡ್ಡು ತೆಗೆದುಕೊಂಡು ನಡೆಸುವ ತರಗತಿಗಳಲ್ಲೂ ಬಿಟ್ಟು ಹೋಗುತ್ತಾರೆ. ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಶುಲ್ಕ ಇಲ್ಲ, ಆದರೆ ದರ್ಪಣ ಮುಗಿಸಿದವರು ಮುಂದಿನ ಗುಂಪಿನ ಒಬ್ಬರ ಪಕ್ಕದಲ್ಲಿ ನಿಲ್ಲಬೇಕು. ಹಾಗೆ ನಿಂತಾಗಲೇ ಅವರಿಗೂ ಪೂರ್ತಿ ಅರ್ಥವಾಗುವುದು. ಅರ್ಧಕ್ಕೆ ಬಿಟ್ಟವರ ಗಾಜನ್ನು ಹೆಸರು ಬರೆದು ತೆಗೆದಿಡುತ್ತೇವೆ. ಮದುವೆ, ಪರೀಕ್ಷೆ, ವರ್ಗಾವಣೆ ಎಲ್ಲ ಮುಗಿಸಿಕೊಂಡು ಎಷ್ಟೋ ಕಾಲದ ಮೇಲೆ ಬಂದು ಕೇಳಿದವರಿದ್ದಾರೆ.

"ನಾನು ಮನೆಯಲ್ಲೇ ಶುರು ಮಾಡಬೇಕು ಅಂತಿದೀನಿ. ಏನು ತರಲಿ?"

ದಪ್ಪ ಗಾಜು ಕತ್ತರಿಸಿಕೊಡುವ ಅಂಗಡಿಯಲ್ಲಿ 19 ಮಿಲಿಮೀಟರ್ ದಪ್ಪದ ಆರು ಇಂಚಿನ ಬಿಲ್ಲೆ ಮಾಡಿಸಿ. ಕೆಳಗಿನ ಬಿಲ್ಲೆ ಗಾಜಿನದೇ ಆಗಬೇಕಿಲ್ಲ. ಪ್ಲಾಸ್ಟರ್ ಬಿಲ್ಲೆ ಎರಕ ಹೊಯ್ದು, ನೀರು ಹಿಡಿಯದ ಹಾಗೆ ಬಣ್ಣ ಬಳಿದು, ಮೇಲೆ ಸೆರಾಮಿಕ್ ಟೈಲಿನ ಚೂರುಗಳನ್ನು ಎಪಾಕ್ಸಿಯಲ್ಲಿ ಅಂಟಿಸಿದರೆ ಸಾಕು. ಕಾರ್ಬೊರಂಡಮ್ ಪುಡಿ ಕಲ್ಲು ಪಾಲಿಶ್ ಮಾಡುವವರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಎಲ್ಲ ನಂಬರೂ ಒಂದೇ ಕಡೆ ಸಿಗುವುದಿಲ್ಲ, ಸ್ವಲ್ಪ ಓಡಾಡಬೇಕು. ಗಾಜಿನ ಅಂಚನ್ನು ಮೊದಲೇ ಸಾಣೆ ಕಲ್ಲಿನಲ್ಲಿ ಒದ್ದೆ ಮಾಡಿ ಮೊಂಡಾಗಿಸಿ, ಇಲ್ಲದಿದ್ದರೆ ಚಕ್ಕೆ ಏಳುತ್ತದೆ, ಕೈಯೂ ಕುಯ್ಯುತ್ತದೆ. ಕೊನೆಯ ಅಲ್ಯುಮಿನಿಯಂ ಲೇಪಕ್ಕೆ ನಿರ್ವಾತ ಯಂತ್ರ ಬೇಕು, ಅದನ್ನು ಹೊರಗೆ ಮಾಡಿಸಬೇಕು, ಆ ಚಿಂತೆ ಈಗ ಬೇಡ. ಉಜ್ಜಲು ಶುರು ಮಾಡುವ ಮೊದಲೇ ಬ್ಲೇಡಿನ ಪೀಠ ಮಾಡಿಟ್ಟುಕೊಳ್ಳಿ. ಎರಡು ಮರದ ತುಂಡು, ಒಂದು ಉದ್ದನೆ ಬೋಲ್ಟು, ಒಂದು ಬ್ಲೇಡು, ಒಂದು ಎಲ್‌ಇಡಿ. ಇಲ್ಲಿ ನಮ್ಮಲ್ಲಿ ಮುಗಿದ ದರ್ಪಣಗಳಿವೆ, ಒಂದನ್ನು ಎರವಲು ಒಯ್ದು ಅದರ ನೆರಳು ಹೇಗಿರುತ್ತದೆ ಅಂತ ನಾಲ್ಕು ದಿನ ನೋಡಿ ಅಭ್ಯಾಸ ಮಾಡಿಕೊಳ್ಳಿ. ಒಯ್ಯುವಾಗ ರಿಜಿಸ್ಟರಿನಲ್ಲಿ ಹೆಸರು ಬರೆದು ಹೋಗಿ.